ವಿಳಾಸಪಟ್ಟಿಯಿಲ್ಲದ ಸೀಮೆಯಲ್ಲಿ ವಂಶಶೋಧನೆ

ಪಾಶ್ಚಾತ್ಯ ದೇಶಗಳ ಪಟ್ಟಣಗಳಲ್ಲಿ ‘ಡೈರೆಕ್ಟರಿ’ ಎಂಬ ಒಂದು ಬಗೆಯ ಪುಸ್ತಕವು ಬಹುಕಾಲ ಅಚ್ಚಾಗುತ್ತಿದ್ದಿತು. ಪಟ್ಟಣದಲ್ಲಿ ವಾಸಮಾಡುವ ಗೃಹಸ್ಥರ ಹೆಸರುಗಳನ್ನು ಅಕ್ಷರಕ್ರಮದಲ್ಲಿ ಬರೆದು, ಒಬ್ಬೊಬ್ಬರ ಹೆಸರಿನ ಮುಂದೆಯೂ ಅವರ ಕಸುಬು, ಬೀದಿ, ಮನೆಯ ಸಂಖ್ಯೆಗಳನ್ನು ನಮೂದಿಸುವುದೇ ಇದರ ಕ್ರಮ. ಲಂಡನ್ ನಗರದ ವರ್ತಕರ ಇಂತಹ ಪಟ್ಟಿಯೊಂದು ೧೬೭೭ರಷ್ಟು ಹಿಂದೆಯೇ ಹೊರಟಿತು. ಅಮೆರಿಕದ ಫಿಲಡೆಲ್ಫಿಯಾ ಪಟ್ಟಣಕ್ಕೆ ೧೭೮೫ರಲ್ಲಿ ಇಂತಹ ಪುಸ್ತಕವು ದೊರೆಯಿತು. ನಮ್ಮ ದೇಶದಲ್ಲಿ ಥ್ಯಾಕರ್ ಸಂಸ್ಥೆಯವರು ಮೊದಲು ಬಂಗಾಳಕ್ಕೂ, ೧೮೮೫ರಿಂದ ಇಡೀ ಇಂಡಿಯಕ್ಕೂ ಡೈರೆಕ್ಟರಿಗಳನ್ನು ಪ್ರಕಟಿಸುತ್ತಿದ್ದರು. ಸರಕು ಮಾರುವವರ ಮತ್ತು ಕಾಗದ ಕಳುಹಿಸುವವರ ಅನುಕೂಲಕ್ಕಾಗಿ ಹುಟ್ಟಿದ ಈ ಪುಸ್ತಕಗಳು ಕಾಲಾಂತರದಲ್ಲಿ ವಂಶಶೋಧಕರಿಗೆ ನಿಧಿಯಾಗಿ ಪರಿಣಮಿಸಿದವು. ಒಂದು ವರ್ಷದ ಪುಸ್ತಕದಲ್ಲಿ ಬಡಗಿಯೆಂದು ಕಾಣುವವನು ಐದು ವರ್ಷಗಳ ತರುವಾಯ ಬೇರೊಂದು ಬೀದಿಯಲ್ಲಿ ಅಂಗಡಿಯ ಯಜಮಾನನಾಗಿ ಕಾಣುತ್ತಾನೆ. ಮತ್ತೊಂದು ವರ್ಷದಲ್ಲಿ ಅವನ ಹೆಸರಿನ ಸ್ಥಳದಲ್ಲಿ ಅವನ ವಿಧವೆಯ ಹೆಸರು ನಿಲ್ಲುತ್ತದೆ. ಮರಣದ ದಾಖಲೆಯು ಸಿಕ್ಕದಿದ್ದರೂ ಮರಣದ ವರ್ಷವು ಹೀಗೆ ಗೊತ್ತಾಗುತ್ತದೆ. ಈಗ ಇಂತಹ ಪುಸ್ತಕಗಳಲ್ಲಿ ಅನೇಕವು ಛಾಯಾರೂಪದಲ್ಲಿ ಅಂತರ್ಜಾಲವನ್ನು ಸೇರಿರುವುದರಿಂದ, ಹೆಸರೊಂದನ್ನು ಬರೆದ ಮಾತ್ರಕ್ಕೆ ನೂರು ವರ್ಷಗಳ ಪುಟಗಳು ಕಣ್ಣ ಮುಂದೆ ತೆರೆಯುತ್ತವೆ.

ಬೆಂಗಳೂರಿನಲ್ಲಿಯೋ ಸಮುದ್ರದಾಚೆಯಲ್ಲಿಯೋ ನೆಲಸಿರುವ ಮಲೆನಾಡಿನ ಮನೆತನಗಳವರು ಈ ಸೌಕರ್ಯವನ್ನು ಕಂಡು, ತಮ್ಮ ಅಜ್ಜ ಮುತ್ತಜ್ಜಂದಿರ ಹೆಸರುಗಳನ್ನೂ ಅದೇ ರೀತಿಯಲ್ಲಿ ಹುಡುಕತೊಡಗುವುದು ಸಹಜವೇ ಆಗಿದೆ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಮಟ್ಟಿಗೆ ಮೊದಲನೆಯ ಹೆಜ್ಜೆಯಲ್ಲಿಯೇ ತೊಡಕುಂಟಾಗುತ್ತದೆ. ಥ್ಯಾಕರರ ಪುಸ್ತಕದಲ್ಲಿ ಅಧಿಕಾರಿಗಳೂ, ವ್ಯಾಪಾರದ ಕೋಠಿಗಳೂ, ಕಾಫಿತೋಟದ ದೊರೆಗಳೂ ಸಿಕ್ಕುವರಲ್ಲದೆ, ಶರಾವತಿಯ ಕಣಿವೆಯಲ್ಲಿ ಅಡಕೆ ಸುಲಿಯುತ್ತಿದ್ದವರ ಹೆಸರು ಅದರೊಳಗೆ ಹೇಗೆ ಬಂದೀತು? ಜನಗಣತಿಯ ಮನೆವಾರು ಪಟ್ಟಿಗಳನ್ನು ಅಮೆರಿಕದವರು ೭೨ ವರ್ಷಗಳಾದ ಮೇಲೆ, ಇಂಗ್ಲೆಂಡಿನವರು ನೂರು ವರ್ಷಗಳಾದ ಮೇಲೆ ಪ್ರಜೆಗಳಿಗೆ ತೆರೆದು ತೋರಿಸುತ್ತಾರೆ; ನಮ್ಮಲ್ಲಿ ೧೯೪೮ರ ಜನಗಣತಿಯ ಶಾಸನವು ವ್ಯಕ್ತಿಗಳ ವಿವರವನ್ನು ಗೋಪ್ಯವೆಂದು ವಿಧಿಸಿರುವುದರಿಂದ ಆ ಬಾಗಿಲೂ ಮುಚ್ಚಿದೆ. ಬಯಲುಸೀಮೆಯ ಕೆಲವು ಮನೆತನಗಳಿಗೆ ವಂಶಾವಳಿಯನ್ನು ಹಾಡಿ ಹೇಳುವ ಹೆಳವರಾದರೂ ಉಂಟು. ಮಲೆನಾಡಿನಲ್ಲಿ ಮನೆಯೊಂದು ಕಣಿವೆಯಲ್ಲಿ, ಮತ್ತೊಂದು ಗುಡ್ಡದಾಚೆ. ಇಲ್ಲಿ ಬೀದಿಯೂ ಇಲ್ಲ, ಬೀದಿಯ ಹೆಸರೂ ಇಲ್ಲ.

ಪಟ್ಟಣವೆನ್ನುವ ಹಾಗಿದ್ದುದು ಇಲ್ಲಿ ಒಂದೇ, ಅದು ಬಿದನೂರು. ಕೆಳದಿಯ ಅರಸರು ಇಕ್ಕೇರಿಯಿಂದ ತಮ್ಮ ರಾಜಧಾನಿಯನ್ನು ೧೬೪೦ರ ಸುಮಾರಿನಲ್ಲಿ ಅಲ್ಲಿಗೆ ಸಾಗಿಸಿದರು. ಘಟ್ಟದ ಕೆಳಗಿನ ಬಂದರುಗಳಿಗೆ ಹೋಗುವ ವ್ಯಾಪಾರವೆಲ್ಲ ಆ ಊರನ್ನು ಹಾದು ಹೋಗುತ್ತಿದ್ದುದರಿಂದ ಊರು ಬಹು ಬೇಗನೆ ಬೆಳೆಯಿತು. ಲಕ್ಷ ಮನೆಗಳಾದಲ್ಲಿ ‘ನಗರ’ವೆಂದು ಕರೆಸಿಕೊಳ್ಳುವ ಯೋಗ್ಯತೆಯು ಬರುವುದೆಂದೂ, ಬಿದನೂರು ಆ ಸಂಖ್ಯೆಯನ್ನು ಮುಟ್ಟುವುದರಲ್ಲಿದ್ದಿತೆಂದೂ ಐತಿಹ್ಯವುಂಟು. ಲಕ್ಷವೆಂಬುದು ಉತ್ಪ್ರೇಕ್ಷೆಯೆಂದು ಬಿಟ್ಟರೂ, ಆ ಮನೆಗಳಲ್ಲಿದ್ದವರ ಪಟ್ಟಿಯೊಂದು ನಮ್ಮ ಕೈಗೆ ಬಂದಿಲ್ಲ. ೧೭೬೩ರಲ್ಲಿ ಹೈದರಾಲಿಯು ಊರನ್ನು ಹಿಡಿದನು. ೧೭೮೩ರಲ್ಲಿ ಒಂದೇ ವರ್ಷದೊಳಗೆ ಅದು ಇಂಗ್ಲಿಷರ ಕೈಸೇರಿ ಮತ್ತೆ ಟಿಪ್ಪುವಿನ ವಶವಾಯಿತು. ಅಲ್ಲಿನ ಸಂಸಾರಗಳು ಯಾವ ದಿಕ್ಕಿಗೆ ಚೆದುರಿದವೋ ಅದನ್ನು ಹೇಳುವುದಕ್ಕೆ ಡೈರೆಕ್ಟರಿಯ ಮುಂದಿನ ವರ್ಷದ ಸಂಪುಟವೆಂಬುದಿಲ್ಲ.

ಹೀಗೆಂದ ಮಾತ್ರಕ್ಕೆ ಈ ಸೀಮೆಯ ಜನರು ಲೆಕ್ಕಪತ್ರವಿಲ್ಲದವರೆಂದು ತಿಳಿಯಬಾರದು. ಇಲ್ಲಿ ಬರೆದಿಟ್ಟಷ್ಟು ಲೆಕ್ಕವನ್ನು ಬೇರೆ ಕಡೆ ಬರೆದಿರುವುದು ಅಪರೂಪವೇ. ಆದರೆ ಬರೆದ ಕ್ರಮವು ಬೇರೆ. ಡೈರೆಕ್ಟರಿಯಲ್ಲಿ ಹೆಸರು ಮೊದಲು, ನೆಲೆ ಆಮೇಲೆ. ಇಲ್ಲಿಯ ಬರವಣಿಗೆಯಲ್ಲಿ ನೆಲ ಮೊದಲು. ಅದನ್ನು ಹಿಡಿದವನ ಹೆಸರು ಅದರ ಬೆನ್ನಿಗೆ ಬರುತ್ತದೆ. ಆದುದರಿಂದ ಈ ಮೂರು ತಾಲ್ಲೂಕುಗಳಲ್ಲಿ ಮನೆತನವನ್ನು ಹುಡುಕತಕ್ಕವರು ಮನುಷ್ಯನನ್ನು ಬಿಟ್ಟು ಊರನ್ನು ಹಿಡಿಯಬೇಕು. ಊರಿನ ಹೆಸರೋ, ಅದೂ ಸ್ಥಿರವಾಗಿ ನಿಂತಿಲ್ಲವೆಂಬುದೇ ಇಲ್ಲಿಯ ದೊಡ್ಡ ಸಂಕಟ.

ಬಿದರುಹಳ್ಳಿಯು ಬಿದನೂರಾಯಿತು, ಸಂಸ್ಕೃತದಲ್ಲಿ ವೇಣುಪುರವಾಯಿತು. ಹೈದರನು ಅದಕ್ಕೆ ತನ್ನ ಹೆಸರನ್ನಿಟ್ಟು ಹೈದರನಗರವೆಂದನು. ಕಾಲಕ್ರಮದಲ್ಲಿ ಹೈದರನು ಬಿದ್ದುಹೋಗಿ ‘ನಗರ’ವೆಂಬುದಷ್ಟೇ ಉಳಿಯಿತು. ಇಂಗ್ಲಿಷರ ಕಾಗದಗಳಲ್ಲಿ ‘ಬೆಡ್ನೋರ್’ ಎಂಬ ರೂಪವು ಬಹಳ ಕಾಲ ನಡೆಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ತಾಲ್ಲೂಕಿನ ಕಚೇರಿಯು ನಗರದಿಂದ ಕಲ್ಲೂರುಕಟ್ಟೆಗೆ ಹೋಯಿತು; ಆ ಕಲ್ಲೂರುಕಟ್ಟೆಯೇ ಹೊಸನಗರ. ಬಿ. ಎಲ್. ರೈಸರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ಣಾಟಿಕ’ದ ಎಂಟನೆಯ ಸಂಪುಟವು ೧೯೦೪ರಲ್ಲಿ ಪ್ರಕಟವಾಯಿತು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳೆಲ್ಲವೂ ಅದರಲ್ಲಿವೆ. ಪುಸ್ತಕವು ಅಂತರ್ಜಾಲದಲ್ಲಿ ಧರ್ಮಾರ್ಥವಾಗಿಯೇ ದೊರೆಯುತ್ತದೆ. ಅದರೊಳಗೆ ಹೊಸನಗರ ತಾಲ್ಲೂಕಿನ ಶಾಸನಗಳನ್ನು ಹುಡುಕುವವನು ‘ಹೊಸನಗರ’ ಎಂದು ಬರೆದರೆ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಅವೆಲ್ಲವೂ ‘ನಗರ’ ತಾಲ್ಲೂಕಿನ ಶಿರೋನಾಮೆಯಲ್ಲಿವೆ. ತೀರ್ಥಹಳ್ಳಿಯ ಕಥೆಯೂ ಇಂತಹುದೇ. ವಿಜಯನಗರದ ಕಾಲದಲ್ಲಿ ಈ ಪ್ರಾಂತಕ್ಕೆಲ್ಲ ಆರಗವೇ ಮುಖ್ಯಸ್ಥಳ. ಕೆಳದಿಯವರ ಕಾಲದಲ್ಲಿ ಕವಲೇದುರ್ಗವು ಮೇಲೆ ಬಂದಿತು. ಅದಕ್ಕೆ ಭುವನಗಿರಿದುರ್ಗವೆಂಬ ಇನ್ನೊಂದು ಹೆಸರುಂಟು. ೧೮೭೭ರ ಮೈಸೂರು ಗ್ಯಾಸೆಟಿಯರಿನಲ್ಲಿ ತೀರ್ಥಹಳ್ಳಿಯೆಂಬ ತಾಲ್ಲೂಕೇ ಇಲ್ಲ, ಇರುವುದು ಕವಲೇದುರ್ಗ ತಾಲ್ಲೂಕು. ಹುಂಚವು ಶಾಸನಗಳಲ್ಲಿ ಪೊಂಬುರ್ಚ. ಹುಡುಕುವ ಯಂತ್ರಕ್ಕೆ ಇವೆಲ್ಲ ಒಂದೇ ಊರೆಂದು ಹೇಳಿಕೊಡುವವರು ಯಾರು? ಅದಕ್ಕೆ ಅಕ್ಷರಗಳು ಗೊತ್ತೇ ಹೊರತು ಊರು ಗೊತ್ತಿಲ್ಲ.

ರೈಸರ ಸಂಪುಟಗಳ ವಿಷಯದಲ್ಲಿ ಒಂದು ಅನುಕೂಲವನ್ನು ಹೇಳಬೇಕು. ಶಾಸನಪಾಠವನ್ನು ಅವರು ಕನ್ನಡಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಅಚ್ಚುಹಾಕಿಸಿ, ಇಂಗ್ಲಿಷ್ ಭಾಷಾಂತರವನ್ನೂ ಕೊಟ್ಟಿದ್ದಾರೆ. ಹಳೆಯ ಕನ್ನಡ ಅಚ್ಚನ್ನು ಯಂತ್ರವು ಇನ್ನೂ ತಡವರಿಸುತ್ತ ಓದುತ್ತದೆ; ರೋಮನ್ ಲಿಪಿಯ ಭಾಗವನ್ನು ಅದಕ್ಕಿಂತ ಚೆನ್ನಾಗಿ ಓದುತ್ತದೆ. ಆದರೆ ಅಕ್ಷರಗಳ ಮೇಲಿನ ಗೆರೆ, ಕೆಳಗಿನ ಚುಕ್ಕೆಗಳು ಅದರ ಓದಿನಲ್ಲಿ ಚದುರಿಹೋಗುವುದರಿಂದ ಒಂದೇ ಹೆಸರನ್ನು ನಾಲ್ಕಾರು ವಿಧವಾಗಿ ಬರೆದು ನೋಡುವ ತಾಳ್ಮೆಯು ಬೇಕು.

ಶಾಸನಗಳಲ್ಲಿ ಅರಸರ ವಂಶಾವಳಿಗಳು ಮಾತ್ರವೇ ಇರುವುವೆಂಬ ಭಾವನೆಯು ಸಾಮಾನ್ಯವಾಗಿದೆ. ಚಟ್ಟಲದೇವಿಯು ಹುಂಚದಲ್ಲಿ ಪಂಚಕೂಟ ಬಸದಿಯನ್ನು ಕಟ್ಟಿಸಿದ ಸಂದರ್ಭದ ೧೦೭೭ರ ಶಾಸನದಲ್ಲಿ ಸಾಂತರರ ವಂಶವು ವಿಸ್ತಾರವಾಗಿ ಬಂದಿರುವುದು ನಿಜ. ಆದರೆ ಅಗ್ರಹಾರದ ದಾನಶಾಸನವೊಂದನ್ನು ತೆಗೆದು ನೋಡಿದರೆ ಬೇರೊಂದು ಲೋಕವು ಕಾಣುತ್ತದೆ. ಇಂಥ ಗೋತ್ರದ, ಇಂಥ ಸೂತ್ರದ, ಇಂಥ ಶಾಖೆಯ, ಇಂಥವನ ಮಗ ಇಂಥವನಿಗೆ ವೃತ್ತಿ ಒಂದು, ಅರ್ಧ, ಕಾಲು, ಹೀಗೆ ಸಾಲುಸಾಲಾಗಿ ಪ್ರತಿಗ್ರಹಿಗಳ ಹೆಸರುಗಳು ಬರುತ್ತವೆ. ಭೂಮಿಯ ಎಲ್ಲೆಯಲ್ಲಿ ಹಳ್ಳ, ಹುತ್ತ, ಹೆಮ್ಮರಗಳು ನಿಲ್ಲುತ್ತವೆ. ಡೈರೆಕ್ಟರಿಯ ಪುಟಕ್ಕೆ ಈ ಸೀಮೆಯಲ್ಲಿ ಅತಿ ಸಮೀಪವಾದುದು ಇದೇ ಎಂದರೆ ತಪ್ಪಾಗಲಾರದು. ವೀರಗಲ್ಲು, ಮಾಸ್ತಿಕಲ್ಲುಗಳಲ್ಲಿ ತುರುಗಾಳಗದಲ್ಲಿ ಬಿದ್ದ ಗೌಡನ ಹೆಸರೂ, ಅವನ ಹಿಂದೆ ಹೋದ ಹೆಂಗಸಿನ ಹೆಸರೂ ಇರುವುದುಂಟು. ಇಂದಿಗೂ ‘ಕೊಡಿಗೆ’ ಎಂದು ಮುಗಿಯುವ ಊರುಗಳು ಈ ಕಡೆ ಇವೆ. ಒಂದು ಕಾಲದಲ್ಲಿ ಯಾರಿಗೋ ಯಾವುದೋ ಸೇವೆಗಾಗಿ ಬಿಟ್ಟ ಭೂಮಿಯೆಂಬುದನ್ನು ಆ ಹೆಸರೇ ಹೇಳುತ್ತಿದೆ.

ಕೆಳದಿಯ ಶಿವಪ್ಪನಾಯಕನು (೧೬೪೫–೧೬೬೦) ಏರ್ಪಡಿಸಿದ ಕಂದಾಯದ ‘ಶಿಸ್ತು’ ಪ್ರಸಿದ್ಧವಾದುದು. ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮವೆಂದು ಭೂಮಿಯನ್ನು ಐದು ತರಗತಿ ಮಾಡಿ, ಊರೂರಿನಲ್ಲಿಯೂ ಒಂದೊಂದು ತರಗತಿಯ ಗದ್ದೆಯನ್ನು ಹನ್ನೆರಡು ವರ್ಷ ಸರ್ಕಾರದ ಪರವಾಗಿ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಫಸಲುಗಳನ್ನು ನೋಡಿ ತೀರ್ವೆಯನ್ನು ಕಟ್ಟಿದನೆಂದು ಗ್ಯಾಸೆಟಿಯರಿನಲ್ಲಿದೆ. ಮುಂದಿನವರ ಲೆಕ್ಕಗಳೆಲ್ಲವೂ ಇದರ ಮೇಲೆಯೇ ನಿಂತವು. ಈ ಲೆಕ್ಕಗಳನ್ನು ಬರೆಯುತ್ತಿದ್ದುದು ಕಡತಗಳಲ್ಲಿ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವ ಪದ್ಧತಿಯಿದು. ಶೃಂಗೇರಿಯ ಮಠದಲ್ಲಿಯೂ ಇಂತಹ ಕಡತಗಳಿವೆ. ಕೆಳದಿ ಗುಂಡಾ ಜೋಯಿಸರ ಪರಿಶ್ರಮದಿಂದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳೂ ಹಳೆಯ ಕಾಗದಪತ್ರಗಳೂ ಒಂದು ಕಡೆ ಕೂಡಿ ಉಳಿದವು. ಮರಾಠಿಯ ಮೋಡಿ ಅಕ್ಷರದಲ್ಲಿ ಬರೆದ ಲೆಕ್ಕಗಳನ್ನು ಓದಬಲ್ಲವರು ಈಗ ಬೆರಳೆಣಿಕೆಯಷ್ಟು ಮಂದಿ. ಅವುಗಳ ಛಾಯೆಯನ್ನು ತೆಗೆಯುವುದು ಸುಲಭ, ಓದಿಸುವುದು ಕಷ್ಟ.

ಶ್ಯಾನುಭೋಗರ ದಫ್ತರಗಳ ಮಾತೇ ಬೇರೆ. ವಂಶಪಾರಂಪರ್ಯವಾಗಿ ಬಂದಿದ್ದ ಆ ಅಧಿಕಾರವನ್ನು ೧೯೬೧ರ ಶಾಸನವು ರದ್ದುಪಡಿಸಿತು. ಸರ್ಕಾರಕ್ಕೆ ಒಪ್ಪಿಸಬೇಕಾದುದನ್ನು ಒಪ್ಪಿಸಿಯಾದ ಮೇಲೂ ಸ್ವಂತದ ಟಿಪ್ಪಣಿ, ಗೇಣಿಚೀಟಿ, ಕ್ರಯಪತ್ರಗಳ ಗಂಟುಗಳು ಹಳೆಯ ಮನೆಗಳ ಅಟ್ಟದ ಮೇಲೆ ಉಳಿದವು. ಮಲೆನಾಡಿನ ಮಳೆಗಾಲದಲ್ಲಿ ಒಲೆಯ ಹೊಗೆಯು ತಾಕುವವರೆಗೆ ಅಟ್ಟವು ಕಾಗದಕ್ಕೆ ಒಳ್ಳೆಯ ಆಶ್ರಯವೇ. ಒಲೆಯು ಹೋಗಿ ಅನಿಲದ ಉರಿಯು ಬಂದ ಮೇಲೆ ಗೆದ್ದಲಿಗೂ ಬೂಷ್ಟಿಗೂ ಅಡ್ಡಿಯಿಲ್ಲವಾಗಿದೆ.

ಇನ್ನು ಮನುಷ್ಯರ ಹೆಸರು. ಭಟ್ಟ, ಹೆಗ್ಗಡೆ, ಗೌಡ, ನಾಯಕ ಎಂಬಿವು ಸಾವಿರ ಮನೆಗಳಿಗೆ ಸಾಮಾನ್ಯವಾದ ಉಪಪದಗಳು. ಇವುಗಳಿಂದ ಮನೆತನವು ಗೊತ್ತಾಗುವುದಿಲ್ಲ. ಹೆಸರಿನ ಮೊದಲಿನ ಅಕ್ಷರವೇ ಕೀಲಿಕೈ. ಕುವೆಂಪು ಎಂಬಲ್ಲಿನ ‘ಕು’ ಕುಪ್ಪಳಿ, ‘ವೆಂ’ ತಂದೆ ವೆಂಕಟಪ್ಪಗೌಡರು. ಊರೂ ತಂದೆಯೂ ಹೆಸರಿನೊಳಗೇ ಅಡಗಿದ್ದಾರೆ. ಹಾಗೆಂದು ಕುಪ್ಪಳಿಯಿರುವ ತೀರ್ಥಹಳ್ಳಿ ತಾಲ್ಲೂಕಿನ ಜನನದ ಪುಸ್ತಕದಲ್ಲಿ ಅವರನ್ನು ಹುಡುಕಲಾಗದು. ಅವರು ೧೯೦೪ರಲ್ಲಿ ಹುಟ್ಟಿದುದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ, ಆಗಿನ ಕಡೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನಲ್ಲಿ. ಚೊಚ್ಚಲ ಹೆರಿಗೆಯು ತವರಿನಲ್ಲಿ ಆಗತಕ್ಕ ವಾಡಿಕೆಯನ್ನು ತಿಳಿಯದ ಶೋಧಕನು ಇಂತಹ ಕಡೆ ದಾರಿ ತಪ್ಪುವನು. ಮತ್ತೊಂದು ಬಗೆಯನ್ನು ಯು. ಆರ್. ಅನಂತಮೂರ್ತಿಯವರ ಹೆಸರಿನಲ್ಲಿ ಕಾಣಬಹುದು. ೧೯೩೨ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಅವರ ಹೆಸರಿನ ಮೊದಲಿಗೆ ನಿಂತಿರುವುದು ಉಡುಪಿ. ಅಲ್ಲಿ ಅಕ್ಷರವು ಈಗಿನ ನೆಲೆಯನ್ನು ತೋರಿಸದೆ ಬಂದ ದಾರಿಯನ್ನು ತೋರಿಸುತ್ತದೆ. ಘಟ್ಟವನ್ನು ಹತ್ತಿ ಬಂದ ಮನೆತನಗಳಲ್ಲಿ ಇಂತಹವು ಹಲವುಂಟು.

ಇಷ್ಟು ಹೇಳಿದುದೆಲ್ಲವೂ ಭೂಮಿಯಿದ್ದವರ, ದಾನ ಪಡೆದವರ, ಲೆಕ್ಕ ಬರೆದವರ ಮಾತು. ಗೇಣಿಗೆ ಉಳುತ್ತಿದ್ದವರ ಹೆಸರು ಈ ಕಡತಗಳಲ್ಲಿ ಬಹು ಅಪೂರ್ವ. ಅವರು ತಲೆಮಾರುಗಳಿಂದ ಒಂದೇ ಗದ್ದೆಯನ್ನು ಉತ್ತಿದ್ದರೂ ಖಾತೆಯು ಒಡೆಯನದು. ಡೈರೆಕ್ಟರಿಯು ಬೀದಿಯಲ್ಲಿ ಮಲಗುವವನನ್ನು ಹೇಗೆ ಕಾಣಲಿಲ್ಲವೋ ಹಾಗೆ ಪಹಣಿಯು ಉಳುವವನನ್ನು ಕಾಣಲಿಲ್ಲ. ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಯ ಭತ್ತವನ್ನು ಅಳೆಯುವ ಕೊಳಗದ ವಿಷಯವಾಗಿ ಎದ್ದ ಜಗಳವು ರೈತಸತ್ಯಾಗ್ರಹವಾಗಿ ಬೆಳೆದುದೂ, ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಸೆರೆಯಾದುದೂ ಸರ್ವರಿಗೂ ತಿಳಿದ ಸಂಗತಿಗಳು. ವಂಶಶೋಧಕನ ದೃಷ್ಟಿಯಿಂದ ಇದರ ಫಲವನ್ನು ಹೇಳಬೇಕಾದರೆ ೧೯೭೪ಕ್ಕೆ ಬರಬೇಕು. ಆ ವರ್ಷ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಂತೆ ಗೇಣಿದಾರರು ‘ನಮೂನೆ ೭’ರಲ್ಲಿ ಅರ್ಜಿ ಕೊಡಬೇಕಾಯಿತು. ಹೆಸರು, ತಂದೆಯ ಹೆಸರು, ಊರು, ಸರ್ವೆ ನಂಬರು, ಒಡೆಯನ ಹೆಸರುಗಳು ಒಂದೇ ಹಾಳೆಯಲ್ಲಿ ಸೇರಿದವು. ಎಷ್ಟೋ ಮನೆತನಗಳ ಹೆಸರು ಭೂಮಿಯ ಸಂಬಂಧದಲ್ಲಿ ಸರ್ಕಾರದ ಕಾಗದದ ಮೇಲೆ ಬಿದ್ದುದು ಅದೇ ಮೊದಲು. ಭೂನ್ಯಾಯಮಂಡಳಿಗಳ ಆ ಕಡತಗಳು ಶಿಲಾಶಾಸನಗಳಷ್ಟು ಹಳೆಯವಲ್ಲ, ತಾಮ್ರಪಟಗಳಷ್ಟು ಚೆಲುವೂ ಅಲ್ಲ. ಆದರೂ ಸಾಗರದ ಬಹುಸಂಖ್ಯೆಯ ಮನೆಗಳಿಗೆ ವಂಶಚರಿತ್ರೆಯ ಮೊದಲನೆಯ ಪುಟವು ಅವೇ.

ಊರಿಗೆ ಊರೇ ಮರೆಯಾದಾಗ ಈ ಹುಡುಕಾಟವು ಇನ್ನೊಂದು ರೂಪವನ್ನು ತಾಳುತ್ತದೆ. ಶರಾವತಿಗೆ ಮಡೆನೂರಿನ ಬಳಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ೧೯೪೮ರಲ್ಲಿ ಮುಗಿಯಿತು. ಅದರ ನೀರು ಕೆಲವು ಊರುಗಳನ್ನು ನುಂಗಿತು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದು, ಮುನ್ನೂರು ಚದರ ಕಿಲೋಮೀಟರಿಗೂ ಮೀರಿ ಹರಡಿದ ಅದರ ಹಿನ್ನೀರಿನಲ್ಲಿ ಹಿರೇಭಾಸ್ಕರದ ಅಣೆಕಟ್ಟೆಯೇ ಮುಳುಗಿತು. ತರುವಾಯ ಹೊಸನಗರದ ಕಡೆ ವಾರಾಹಿಯ ಯೋಜನೆಗೆಂದು ಮಾಣಿಯ ಜಲಾಶಯವಾಯಿತು. ನೀರಿನಿಂದ ಎದ್ದ ಸಂಸಾರಗಳು ಶಿವಮೊಗ್ಗ, ಶಿಕಾರಿಪುರ, ಸೊರಬ, ಹೊಸನಗರಗಳ ಕಾಡಂಚುಗಳಲ್ಲಿ ನೆಲೆನಿಂತವು. ಒಂದೇ ಊರಿನ ನೆರೆಹೊರೆಯವರು ಬೇರೆ ಬೇರೆ ತಾಲ್ಲೂಕುಗಳಿಗೆ ಹೋದರು. ಕೆಲವರು ಹಳೆಯ ಊರಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಉಳಿಸಿಕೊಂಡರು; ಮಕ್ಕಳ ಕಾಲಕ್ಕೆ ಅದು ಒಂದು ಅಕ್ಷರವಾಯಿತು; ಮೊಮ್ಮಕ್ಕಳಿಗೆ ಆ ಅಕ್ಷರದ ಅರ್ಥವು ತಿಳಿಯದು. ಜನವಿಲ್ಲದೆ ಹೆಸರು ಮಾತ್ರ ಉಳಿದ ಗ್ರಾಮಕ್ಕೆ ಕಂದಾಯದ ಭಾಷೆಯಲ್ಲಿ ‘ಬೇಚರಾಕ್’ ಎನ್ನುತ್ತಾರೆ. ಮನೆಗಳಿಲ್ಲದಿದ್ದರೂ ಇಂತಹ ಗ್ರಾಮಗಳ ಹೆಸರುಗಳನ್ನು ಕಚೇರಿಯ ಪಟ್ಟಿಯು ಬಿಡುವುದಿಲ್ಲವೆಂಬುದು ಶೋಧಕನ ಭಾಗ್ಯ.

ಇದು ಕೇವಲ ಕುತೂಹಲದ ವಿಷಯವೆಂದು ಭಾವಿಸತಕ್ಕದ್ದಲ್ಲ. ಮನೆಯ ಯಜಮಾನನು ತೀರಿಕೊಂಡಾಗ ಪೌತಿಖಾತೆಯನ್ನು ಮಾಡಿಸುವುದಕ್ಕೆ ವಂಶವೃಕ್ಷವು ಬೇಕು. ೨೦೦೬ರ ಅರಣ್ಯಹಕ್ಕು ಶಾಸನವು ಇದಕ್ಕಿಂತ ದೂರ ಹೋಗುತ್ತದೆ. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ೨೦೦೫ರ ಡಿಸೆಂಬರ್ ೧೩ಕ್ಕೆ ಹಿಂದೆ ಮೂರು ತಲೆಮಾರು, ಎಂದರೆ ೭೫ ವರ್ಷ, ಅರಣ್ಯದ ನೆಲೆಯಲ್ಲಿ ವಾಸವಾಗಿದ್ದುದನ್ನು ತೋರಿಸಬೇಕು. ೨೦೦೮ರ ಮೊದಲಲ್ಲಿ ಜಾರಿಗೆ ಬಂದ ಅದರ ನಿಯಮಗಳಲ್ಲಿ ಹದಿಮೂರನೆಯದು ಯಾವ ಯಾವ ಸಾಕ್ಷ್ಯಗಳನ್ನು ಒಪ್ಪಬಹುದೆಂಬುದನ್ನು ಹೇಳುತ್ತದೆ: ಗ್ಯಾಸೆಟಿಯರು, ಜನಗಣತಿ, ಸರ್ವೆ ಮತ್ತು ಬಂದೋಬಸ್ತಿನ ವರದಿ, ನಕ್ಷೆ, ಮನೆ, ಬಾವಿ, ಸ್ಮಶಾನ, ದೇವರ ಸ್ಥಾನ, ಹಿರಿಯರ ಬರೆಯಿಸಿಕೊಂಡ ಹೇಳಿಕೆ, ಮತ್ತು ಹಳೆಯ ದಾಖಲೆಗಳಲ್ಲಿ ಹೆಸರಿಸಿದ ವ್ಯಕ್ತಿಗಳವರೆಗೆ ಹಿಂದಕ್ಕೆ ಹೋಗುವ ವಂಶಾವಳಿ. ಉಳ್ಳವರ ವಿನೋದವೆನಿಸಿದ್ದ ವಂಶಶೋಧನೆಯು ಹೀಗೆ ಬಡವನ ನೆಲದ ಪ್ರಶ್ನೆಯಾಗಿ ನಿಂತಿದೆ. ಆದರೆ ಶರಾವತಿಯಿಂದ ಎದ್ದವರ ಪಾಡನ್ನು ನೋಡಬೇಕು. ೧೯೬೪ರ ಸುಮಾರಿನಲ್ಲಿ ಬಂದು ಕುಳಿತ ಹೊಸ ನೆಲೆಯಲ್ಲಿ ಅವರಿಗೆ ೨೦೦೫ಕ್ಕೆ ೭೫ ವರ್ಷಗಳು ತುಂಬಲಾರವು. ತುಂಬಿದ ನೆಲೆಯಲ್ಲಿ ಬಾವಿ, ಸ್ಮಶಾನ, ದೇವರಬನಗಳೆಲ್ಲ ನೀರಿನ ಅಡಿಯಲ್ಲಿವೆ. ಅವರಲ್ಲಿ ಅನೇಕರ ಹಕ್ಕುಪತ್ರದ ಪ್ರಶ್ನೆಯು ಅರವತ್ತು ವರ್ಷಗಳಾದರೂ ತೀರಿಲ್ಲ.

ಇಂತಹವರಿಗೆ ಹಳೆಯ ಊರಿನ ಕಾಗದವೊಂದು ಛಾಯಾರೂಪದಲ್ಲಿಯಾದರೂ ಸಿಕ್ಕುವುದು ಸಣ್ಣ ಮಾತಲ್ಲ. ‘ಭೂಮಿ’ ಯೋಜನೆಯಿಂದ ಪಹಣಿಗಳು ಈ ಶತಮಾನದ ಆರಂಭದಲ್ಲಿಯೇ ಗಣಕಕ್ಕೆ ಏರಿದವು. ಆದರೆ ಅದು ಅಂದಿನ ಖಾತೆಯಿಂದ ಈಚೆಗಿನದು. ಅದಕ್ಕಿಂತ ಹಿಂದಿನ ಕಂದಾಯದ ಕಡತಗಳ ಛಾಯೆ ತೆಗೆಯುವ ಕಾರ್ಯವನ್ನು ೨೦೨೪ರಿಂದ ‘ಭೂ ಸುರಕ್ಷಾ’ ಎಂಬ ಹೆಸರಿನಲ್ಲಿ ಸರ್ಕಾರವು ತಾಲ್ಲೂಕು ಕಚೇರಿಗಳಲ್ಲಿ ನಡೆಸುತ್ತಿದೆ. ಈ ದಾಖಲೆಗಳಲ್ಲಿ ಹುಡುಕುವ ದಾರಿಯು ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂಬ ಮೆಟ್ಟಿಲುಗಳದು. ಅಜ್ಜನ ಹೆಸರು ಗೊತ್ತಿದ್ದು ಗದ್ದೆಯ ಹೆಸರು ಗೊತ್ತಿಲ್ಲದವನಿಗೆ ಅದರಿಂದ ಪ್ರಯೋಜನವು ಸ್ವಲ್ಪ. ಅಜ್ಜನ ಹೆಸರು ಮರೆತಿದ್ದರೂ ‘ಹೊಳೆಯಾಚೆಯ ಮೇಲ್ಗದ್ದೆ, ಕಾನಿನ ಪಕ್ಕದ್ದು’ ಎಂದು ಹೇಳಬಲ್ಲ ಮುದುಕಿಯೊಬ್ಬಳು ಮನೆಯಲ್ಲಿದ್ದರೆ, ಗ್ರಾಮದ ನಕ್ಷೆಯನ್ನು ಮುಂದಿಟ್ಟುಕೊಂಡು ಸರ್ವೆ ನಂಬರನ್ನೂ, ಅದರಿಂದ ಖಾತೆಯನ್ನೂ, ಖಾತೆಯಿಂದ ಹೆಸರನ್ನೂ ಹಿಡಿಯಬಹುದು.

ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ಬಹಳವಾಗಿ ಇಳಿದ ವರ್ಷಗಳಲ್ಲಿ ಮಡೆನೂರಿನ ಹಳೆಯ ಕಟ್ಟೆಯು ಹೊರಗೆ ಕಾಣುತ್ತದೆ. ಅದನ್ನು ನೋಡಲು ದೂರದೂರದಿಂದ ಜನರು ಬರುವರು. ಆ ಬಯಲಿನಲ್ಲಿ ನಿಂತು ಯಾರ ಮನೆಯು ಎಲ್ಲಿತ್ತು, ಯಾರ ಗದ್ದೆಗೆ ಯಾವ ಹಳ್ಳದ ನೀರು ಬರುತ್ತಿತ್ತು ಎಂದು ಬೆರಳು ಮಾಡಿ ತೋರಿಸಬಲ್ಲವರು ೧೯೬೪ರಲ್ಲಿ ಹತ್ತು ವರ್ಷದವರಾಗಿದ್ದರೂ ಈಗ ಎಪ್ಪತ್ತನ್ನು ದಾಟಿದ್ದಾರೆ. ಹದಿಮೂರನೆಯ ನಿಯಮದಲ್ಲಿ ಹೇಳಿದ ಹಿರಿಯರ ಹೇಳಿಕೆಯನ್ನು ಬರೆಯಿಸಿಕೊಳ್ಳಬೇಕಾದುದು ಇವರಿಂದಲೇ.